ಮರ್ಯಾದೆಯ ಗಂಟು

ನಮ್ಮೂರಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ಮಾಡುವ ಕೆಲಸ ಅವರ ಕೈಗೆ ದಾರ ಕೊಡುವುದು. ಹಣೆಗೆ ಒದ್ದೆ ಬಟ್ಟೆ, ಗಂಜಿ, ಕಂಬಳಿ ಎಲ್ಲ ಆಮೇಲೆ. ದಾರ ಕೊಡುವುದು ತಡವಾದರೆ ಸೀರೆಯ ಸೆರಗು, ಚಾಪೆಯ ಅಂಚು, ಪಕ್ಕದಲ್ಲಿ ಮಲಗಿದವರ ಜಡೆ, ಸಿಕ್ಕಿದ್ದನ್ನೆಲ್ಲ ಗಂಟು ಹಾಕಿಬಿಡುತ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಮಾವನಿಗೆ ಜ್ವರ ಬಂದು, ಅತ್ತೆ ದಾರದ ಉಂಡೆ ಹುಡುಕಿ ತರುವಷ್ಟರಲ್ಲಿ ಅವರು ತಮ್ಮ ಪಂಚೆಯನ್ನು ಮೊಣಕಾಲಿನ ತನಕ ಮುಗಿಸಿದ್ದರು.

ಕಣ್ಣು ಮುಚ್ಚಿಕೊಂಡೇ ಕಟ್ಟುತ್ತಾರೆ. ಒಂಟಿಗಂಟು, ಜೋಡಿಗಂಟು, ಕುಣಿಕೆ, ಬ್ರಹ್ಮಗಂಟು, ಇರುವುದು ಈ ನಾಲ್ಕೇ ಥರ. ಯಾವುದಾದ ಮೇಲೆ ಯಾವುದು ಅನ್ನುವುದು ಜ್ವರಕ್ಕೆ ಗೊತ್ತು. ಜ್ವರ ಒಂದೇ ಆದರೆ ಮಗು ಕಟ್ಟಿದರೂ ಮುದುಕ ಕಟ್ಟಿದರೂ ದಾರ ಒಂದೇ ಥರ ಇರುತ್ತದೆ. ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ ಎಲ್ಲೋ ಒಂದು ಗಂಟು ಬದಲಾದರೆ ಬದಲಾಯಿತು, ಇಲ್ಲದಿದ್ದರೆ ಇಲ್ಲ. ಆ ದಾರವನ್ನು ಔಷಧಿ ಮನೆಗೆ ಒಯ್ದರೆ ಇಂದೂಧರ ಪಂಡಿತರು ಅದನ್ನು ಎರಡು ಬೆರಳಿನ ನಡುವೆ ಮೆಲ್ಲಗೆ ಎಳೆದು ನೋಡಿ, ತಕ್ಕ ಕಷಾಯ ಕೊಟ್ಟು, ದಾರವನ್ನು ಜಗಲಿಯ ಗೋಡೆಯಲ್ಲಿ ಆಯಾ ಬೀದಿಯ ಮೊಳೆಗೆ ತೂಗುಹಾಕುತ್ತಾರೆ. ಯಾರು ಬೇಕಾದರೂ ಮುಟ್ಟಿ ನೋಡಬಹುದು.

ಹಗ್ಗದ ಚಿಕ್ಕಣ್ಣನೂ ದಿನಾ ಬೆಳಿಗ್ಗೆ ಬಂದು ಮುಟ್ಟಿ ನೋಡುತ್ತಾನೆ. ಹಿಂದೆಂದೂ ಕಾಣದ ದಾರ ಯಾವ ಬೀದಿಯ ಮೊಳೆಯಲ್ಲಿ ಮೊದಲು ಕಂಡಿತೋ ಆ ಬೀದಿಯ ಬಾಯಿಗೆ ಊರಿನ ಹಗ್ಗ ಕಟ್ಟುವುದು ಅವನ ಕೆಲಸ. ಊರಿಗೆ ಇರುವುದು ಒಂದೇ ಹಗ್ಗ. ಹಗ್ಗದ ಒಳಗಿನವರು ಹೊರಗೆ ಬರುವಂತಿಲ್ಲ, ಒಳಗೆ ಮಾಡಿದ್ದನ್ನು ಹೊರಗಿನವರು ಕೊಳ್ಳುವಂತಿಲ್ಲ. ಬಿಚ್ಚುವುದು ಯಾವಾಗ ಅಂತ ಯಾರೂ ಹೇಳಿಟ್ಟು ಹೋಗಿಲ್ಲ.

ಬಳೆ ಬೀದಿಯ ಕಥೆ ಎಲ್ಲರಿಗೂ ಗೊತ್ತು. ಒಂದು ವರ್ಷ ಹೊಸ ಜ್ವರ ಬಂದಾಗ ಆ ಬೀದಿಯವರು ಕಟ್ಟಿದ ದಾರವನ್ನು ಕಟ್ಟಿದ ಹಾಗೇ ತಂದುಕೊಟ್ಟರು. ಅದನ್ನು ನೋಡಿಯೇ ಪಂಡಿತರು ಕಷಾಯ ಕಂಡುಹಿಡಿದದ್ದು, ಊರೆಲ್ಲ ಕುಡಿದು ಎದ್ದು ಕೂತದ್ದು. ಬಳೆ ಬೀದಿಗೆ ಮಾತ್ರ ಆ ಕಷಾಯ ಕೊನೆಗೆ ಹೋಯಿತು, ಯಾಕೆಂದರೆ ಕೊಡ ಹೊತ್ತವರಿಗೆ ಹಗ್ಗದ ಹತ್ತಿರ ಹೋಗಲು ಭಯ. ಹಗ್ಗ ಬಿಚ್ಚಿದ ಮೇಲೂ ಆ ಬೀದಿಯ ಬಳೆಯನ್ನು ಯಾರೂ ತೊಡಲಿಲ್ಲ. ಈಗ ಅಲ್ಲಿ ಕುಲುಮೆಗಳಲ್ಲಿ ಕೋಳಿಗಳು ಮಲಗುತ್ತವೆ.

ನಮ್ಮದು ಹಪ್ಪಳದ ಬೀದಿ. ಪ್ರತಿ ಮನೆಯ ಮುಂದೂ ಮಂಚ, ಮಂಚದ ಮೇಲೆ ಬಿಳಿ ಪಂಚೆ, ಅದರ ಮೇಲೆ ಹಪ್ಪಳ. ನನ್ನ ಗಂಡ ಅದನ್ನು ಗಾಡಿಯಲ್ಲಿ ಹೇರಿಕೊಂಡು ಬೇರೆ ಊರುಗಳಿಗೆ ಹೋದರೆ ಬರುವುದು ಯಾವಾಗಲೋ. ಹಿಟ್ಟು ಕುಟ್ಟುವುದು, ಲಟ್ಟಿಸುವುದು, ಒಣಗಿಸುವುದು, ಕಾಗೆ ಓಡಿಸುವುದು, ಮಗಳು ಕುಮುದಳಿಗೆ ತಲೆ ಬಾಚುವುದು ಎಲ್ಲ ನನ್ನ ಪಾಲಿಗೆ. ಅತ್ತೆ ಹೊನ್ನಮ್ಮನವರು ಕೂತಲ್ಲಿಂದಲೇ ಹಿಟ್ಟಿನ ಹದ ಹೇಳುತ್ತಾರೆ, ಅದು ತಪ್ಪುವುದಿಲ್ಲ.

ಆಮೇಲೆ ಒಂದು ವರ್ಷ ಕುಮುದಳಿಗೆ ಜ್ವರ ಬಂತು. ಮಧ್ಯಾಹ್ನ ಹಪ್ಪಳ ಮಗುಚುತ್ತಿದ್ದವಳು ಹಾಗೇ ಮಂಚಕ್ಕೆ ಒರಗಿದಳು. ಪಂಚೆಯ ಮೂಲೆ ಹಿಡಿದು ಗಂಟು ಹಾಕಲು ಶುರುಮಾಡಿದ್ದನ್ನು ನೋಡಿ ನಾನು ಅವಳನ್ನು ಒಳಗೆ ಎತ್ತಿಕೊಂಡು ಹೋಗಿ ದಾರ ಕೊಟ್ಟೆ. ಅವಳು ಕಟ್ಟಿ ಮುಗಿಸಿದ ದಾರವನ್ನು ಅತ್ತೆ ತಗೊಂಡು ಬೆಳಕಿಗೆ ಹಿಡಿದರು. ನಡುವೆ ಒಂದರ ಪಕ್ಕ ಒಂದು ಮೂರು ಬ್ರಹ್ಮಗಂಟು ಇದ್ದವು. ಊರಿನಲ್ಲಿ ಯಾವಾಗಲೂ ಸುತ್ತುವ ಹಳೇ ಜ್ವರದಲ್ಲಿ ಆ ಜಾಗಕ್ಕೆ ಜೋಡಿಗಂಟು ಬರುತ್ತದೆ.

ಅತ್ತೆ ದಬ್ಬಳ ತಂದು ಬಾಗಿಲ ಬಳಿ ಕೂತರು. ಬ್ರಹ್ಮಗಂಟು ಸುಮ್ಮನೆ ಬಿಚ್ಚಿಕೊಳ್ಳುವಂಥದ್ದಲ್ಲ. ದಬ್ಬಳದಲ್ಲಿ ಸಡಿಲಿಸಿ, ಹಲ್ಲಿನಲ್ಲಿ ಎಳೆದು, ಮೂರನ್ನೂ ಬಿಚ್ಚಿ, ಉಗುಳು ಹಚ್ಚಿ ನೇರ ಮಾಡಿ, ಆ ಜಾಗದಲ್ಲಿ ಜೋಡಿಗಂಟು ಹಾಕಿದರು.

"ಏನ್ ಮಾಡ್ತಿದ್ದೀರ ಅತ್ತೆ?"

"ಮನೆ ಮರ್ಯಾದೆ ಕಾಯ್ತಿದ್ದೀನಿ. ನಮ್ಮತ್ತೆ ಹೇಳಿಕೊಟ್ಟಿದ್ದು. ನೀನೂ ನೋಡ್ಕೋ, ನಾಳೆ ನಿನಗೂ ಬೇಕಾಗುತ್ತೆ."

"ಪಂಡಿತರಿಗೆ ಗೊತ್ತಾಗಲ್ವ?"

"ಯಾವ ಮನೇಲೂ ಮಾಡದೇ ಇರೋದನ್ನ ಅವರು ಹೇಗೆ ಅನುಮಾನ ಪಡ್ತಾರೆ? ಒಂದು ಮನೆಯವರು ಮಾಡಿದರೆ ಏನಾಗಲ್ಲ. ಜ್ವರ ಜ್ವರಾನೇ. ಹಳೇ ಕಷಾಯಕ್ಕೆ ಇಳಿಯುತ್ತೆ ಬಿಡು."

ಅದಕ್ಕೆ ನಮ್ಮ ಮನೆಯಲ್ಲಿ ಮರ್ಯಾದೆಯ ಗಂಟು ಅಂತ ಹೆಸರು. ನಾನು ಆ ದಾರವನ್ನೇ ಒಯ್ದು ಕೊಟ್ಟೆ, ಹಳೇ ಕಷಾಯ ತಂದೆ. ಕುಮುದ ಕುಡಿದಳು, ವಾಂತಿ ಮಾಡಿದಳು, ಮತ್ತೆ ಕುಡಿದಳು. ಜ್ವರ ಇಳಿಯಲಿಲ್ಲ. ಕೈ ನಿಲ್ಲಲಿಲ್ಲ. ಒಂದು ದಾರ ಮುಗಿಸಿದರೆ ಇನ್ನೊಂದಕ್ಕೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು. ಕೊಟ್ಟ ದಾರದಲ್ಲೆಲ್ಲ ನಡುವೆ ಅವೇ ಮೂರು ಬ್ರಹ್ಮಗಂಟು. ಅತ್ತೆ ಅವನ್ನು ಹಾಸಿಗೆಯ ಕೆಳಗೆ ತಳ್ಳುತ್ತಿದ್ದರು. ಜ್ವರದ ದಾರವನ್ನು ಎಸೆದರೆ ಕೇಡು ಅನ್ನುವುದು ನಮ್ಮೂರಿನ ನಂಬಿಕೆ.

ಬೀದಿಯ ಬೇರೆ ಮನೆಗಳಲ್ಲೂ ಮಲಗಿದ್ದರು. ಎದುರಿನ ಚಾಪೆ ಬೀದಿಯಲ್ಲಿ ಚೆಲುವಮ್ಮನ ಗಂಡ ಮಾದಪ್ಪ ತೀರಿಕೊಂಡು ಸ್ವಲ್ಪ ದಿನವಾಗಿತ್ತು. ಹಳೇ ಜ್ವರ, ಅದರ ಮೇಲೆ ಹೊಟ್ಟೆನೋವು ಅಂದಿದ್ದರು. ಆ ಬೀದಿಯಲ್ಲಿ ಅದಾದ ಮೇಲೆ ಹೊಟ್ಟೆನೋವು ಇನ್ನೆರಡು ಮನೆಗೆ ಬಂದಿತ್ತು.

ಕುಮುದ ನೀರನ್ನೂ ನುಂಗದ ದಿನ ನಾನು ಔಷಧಿ ಮನೆಗೆ ಹೋದೆ. ಪಂಡಿತರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಮೇಲೆ ಸಾಲಾಗಿ ಎಲ್ಲ ಬೀದಿಗಳ ದಾರಗಳು.

"ಕಷಾಯ ಹಿಡಿಸಲಿಲ್ಲ ಪಂಡಿತರೇ."

"ಯಾರಿಗೂ ಹಿಡಿಸ್ತಿಲ್ಲಮ್ಮ. ದಾರ ಎಲ್ಲ ಹಳೇ ಜ್ವರ ಅನ್ನುತ್ತೆ. ಹಳೇ ಜ್ವರಕ್ಕೆ ಯಾರು ಸಾಯ್ತಾರೆ? ನೋಡು, ಇಷ್ಟು ದಾರದಲ್ಲಿ ಒಂದು ಗಂಟೂ ಆಚೀಚೆ ಇಲ್ಲ. ಇಷ್ಟು ಶಿಸ್ತಿನ ಜ್ವರ ನಾನು ಕಂಡಿಲ್ಲ." ಮುಖ ಒರೆಸಿಕೊಂಡರು. "ಈ ಊರಿನ ಜನ ನನಗೆ ದಾರ ತಂದುಕೊಡ್ತಾರೋ ಮರ್ಯಾದೆ ತಂದುಕೊಡ್ತಾರೋ ತಿಳೀತಿಲ್ಲ."

ನಾನು ನೆಲ ನೋಡಿದೆ. ಅವರು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅಂದುಬಿಡುತ್ತಿದ್ದೆನೋ ಏನೋ.

ಮನೆಗೆ ಬಂದು ಹಾಸಿಗೆಯ ಕೆಳಗಿನ ದಾರಗಳಲ್ಲಿ ಒಂದನ್ನು ಎಳೆದುಕೊಂಡೆ. ಅತ್ತೆ ಬಾಗಿಲಿಗೆ ಅಡ್ಡ ಬಂದರು.

"ಎಲ್ಲಿಗೆ?"

"ನಿಮಗೆ ಗೊತ್ತು."

"ಜಯಶೀಲಾ, ಬಳೆ ಬೀದಿ ಮರೆತೆಯಾ? ನಾಳೆಯಿಂದ ಹಪ್ಪಳ ಯಾರಿಗೆ ಹಾಕ್ತೀಯ, ಕಾಗೆಗಾ? ನಮ್ಮ ಮನೆ ಒಂದೇ ಅಲ್ಲ, ಬೀದಿಗೆ ಬೀದಿಯೇ ಒಲೆ ಆರಿಸ್ಕೊಂಡು ಕೂರಬೇಕು. ಇವರೆಲ್ಲ ನಿನ್ನ ಮುಖ ನೋಡ್ತಾರಾ?"

"ಕುಮುದ ನನ್ನ ಮುಖ ನೋಡಿ ಎಷ್ಟು ದಿನ ಆಯ್ತು ಹೇಳಿ."

ಅತ್ತೆ ಒಳಗೆ ತಿರುಗಿ ನೋಡಿದರು. ಕುಮುದಳ ಬೆರಳು ಗಾಳಿಯಲ್ಲಿ ಆಡುತ್ತಿತ್ತು. ಅತ್ತೆ ಅಡ್ಡ ಇಟ್ಟ ಕೈ ತೆಗೆಯಲಿಲ್ಲ. ನಾನು ಅದರ ಕೆಳಗೆ ಬಗ್ಗಿ ಹೊರಗೆ ಹೋದೆ.

ಪಂಡಿತರು ದಾರವನ್ನು ಬೆರಳಿನಲ್ಲಿ ಎಳೆಯುತ್ತಾ ನಡುವಿಗೆ ಬಂದಾಗ ನಿಂತರು. ಮತ್ತೆ ಮೊದಲಿನಿಂದ ಎಳೆದರು. ಎದ್ದು ಗೋಡೆಯ ಹತ್ತಿರ ಹೋಗಿ, ನಾನು ಮೊದಲು ಕೊಟ್ಟಿದ್ದ ದಾರವನ್ನು ತೆಗೆದು ಕೆಳಗಿಟ್ಟು, ಅದೇ ಮೊಳೆಗೆ ಇದನ್ನು ಹಾಕಿದರು. ಬೈಯ್ಯಲಿಲ್ಲ.

"ಕಷಾಯ?" ಅಂದೆ.

"ಇದೊಂದರಿಂದ ಆಗಲ್ಲಮ್ಮ."

"ಕಟ್ಟಿದ್ದು ಕಟ್ಟಿದ ಹಾಗೇ ತಂದಿದ್ದೀನಲ್ಲ."

"ತಂದಿದ್ದೀಯ. ಈ ಮೂರರಲ್ಲಿ ಯಾವುದು ಜ್ವರದ್ದು, ಯಾವುದು ದಾರಿಯಲ್ಲಿ ಸೇರಿಕೊಂಡಿದ್ದು? ದಾರಿಯಲ್ಲಿ ಸೇರಿದ್ದು ಇನ್ನೊಬ್ಬರ ಹತ್ತಿರ ಹೋಗುವಾಗ ಬಿದ್ದುಹೋಗುತ್ತೆ. ಬದಲಾಗದೆ ಉಳಿಯೋ ಕಡೆ ಔಷಧಿ ಹಿಡೀಬೇಕು. ಅದು ತಿಳಿಯೋದಕ್ಕೆ ಬೇರೆ ಬೇರೆ ಬೀದಿಯ ನಿಜವಾದ ದಾರ ಪಕ್ಕಪಕ್ಕ ಬೇಕು. ತಪ್ಪು ಕಡೆ ಹಿಡಿದು ಕುದಿಸಿದರೆ ನಿನ್ನ ಮಗಳ ಮೈ ತಡೆಯಲ್ಲ."

ನನಗೆ ಅಲ್ಲಿ ನಿಲ್ಲುವುದಕ್ಕೂ ಆಗಲಿಲ್ಲ, ಹೊರಡುವುದಕ್ಕೂ ಆಗಲಿಲ್ಲ. ಕೊಟ್ಟ ದಾರವನ್ನು ವಾಪಸು ಕೇಳೋಣ ಅನ್ನಿಸಿದ್ದು ನಿಜ. ಅಷ್ಟರಲ್ಲಿ ಜಗಲಿಯ ಮೆಟ್ಟಿಲ ಮೇಲೆ ಚಿಕ್ಕಣ್ಣನ ಚಪ್ಪಲಿ ಸದ್ದಾಯಿತು.

ಚಿಕ್ಕಣ್ಣ ಕೆಟ್ಟವನಲ್ಲ. ಹಗ್ಗ ಕಟ್ಟುವ ಮುಂಚೆ ನಮ್ಮ ಬೀದಿಯ ಬಾಯಲ್ಲಿ ನಿಂತು, "ಯಾರಾದರೂ ನೆಂಟರು ಗಿಂಟರು ಬಂದಿದ್ದರೆ ಹೊರಗೆ ಬಂದುಬಿಡಿ, ಆಮೇಲೆ ನನ್ನ ಬೈಬೇಡಿ," ಅಂತ ಕೂಗಿದ. ಯಾರೂ ಬರಲಿಲ್ಲ. ಆಚೆ ಕಂಬದಿಂದ ಈಚೆ ಕಂಬಕ್ಕೆ ಸೊಂಟದೆತ್ತರಕ್ಕೆ ಕಟ್ಟಿದ. ಹಪ್ಪಳ ಕೊಳ್ಳಲು ಬಂದಿದ್ದ ಒಬ್ಬಾಕೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಅವತ್ತು ಬೀದಿಯಲ್ಲಿ ನನ್ನನ್ನು ಯಾರೂ ಮಾತಾಡಿಸಲಿಲ್ಲ. ಮಾರನೆಯ ದಿನ ಪಕ್ಕದ ಮನೆಯ ಗಂಗಕ್ಕ ಮಂಚದಿಂದ ಹಪ್ಪಳ ತೆಗೆದು ಪೇರಿಸುತ್ತಾ, ನನಗೆ ಕೇಳುವ ಹಾಗೆ ತನ್ನ ಸೊಸೆಗೆ ಹೇಳಿದಳು, "ಕೆಲವರಿಗೆ ತಮ್ಮ ಮಕ್ಕಳು ಮಾತ್ರ ಮಕ್ಕಳು ಕಣೇ. ನಮ್ಮ ಮನೇಲಿ ಮಲಗಿರೋದು ಹಪ್ಪಳ."

ಅತ್ತೆ ಬಾಗಿಲಲ್ಲಿ ಕೂತು ಕೇಳಿಸಿಕೊಂಡರು. "ಗಂಗಾ," ಅಂದರು, "ನಿಮ್ಮ ಹುಡುಗನ ದಾರದಲ್ಲಿ ಬ್ರಹ್ಮಗಂಟು ಎಷ್ಟಿತ್ತು?"

ಗಂಗಕ್ಕನ ಕೈ ನಿಂತಿತು. "ನಮ್ಮ ಮನೇದು ಹಳೇ ಜ್ವರ."

"ನಮ್ಮ ಮನೇದೂ ಹಳೇದೇ ಆಗಿತ್ತು. ನಾನು ಕೂತು ಮಾಡಿದ್ದು. ದಬ್ಬಳದಲ್ಲಿ ಬಿಚ್ಚಿದೆಯೋ ಹಲ್ಲಲ್ಲೋ?"

"ಹೊನ್ನಕ್ಕಾ, ಏನ್ ಮಾತು ಆಡ್ತೀರ."

"ಹಲ್ಲಲ್ಲಿ ಬಿಚ್ಚಿದರೆ ದಾರ ಸೀಳುತ್ತೆ, ಅದಕ್ಕೇ ಕೇಳಿದೆ." ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. "ಹಗ್ಗ ಬಿದ್ದಾಯ್ತು. ಇನ್ನು ಮುಚ್ಚಿಟ್ಟು ಯಾರಿಗೆ ತೋರಿಸಬೇಕು? ಹಾಸಿಗೆ ಕೆಳಗಿಂದ ತಗೊಂಡು ಬಾ."

ಅದುವರೆಗೂ ಅತ್ತೆ ತಿಳಿದಿದ್ದು ಇಡೀ ಊರಿನಲ್ಲಿ ಈ ಕೆಲಸ ನಮ್ಮ ಮನೆಯವರು ಮಾತ್ರ ಮಾಡುತ್ತಾರೆ ಅಂತ. ಗಂಗಕ್ಕ ತಿಳಿದಿದ್ದು ಅವರ ಮನೆಯವರು ಮಾತ್ರ ಅಂತ. ಒಂದೊಂದೇ ಬಾಗಿಲು ತೆರೆಯಿತು. ಮೂಲೆಮನೆಯ ಅಜ್ಜಿ ಕೂಡ, ಕಿವಿ ಕೇಳದಿದ್ದರೂ ಎಲ್ಲರ ಕೈಯಲ್ಲಿ ದಾರ ನೋಡಿ ಒಳಗೆ ಹೋಗಿ ತನ್ನದನ್ನೂ ತಂದಳು. ಹೊಸಬರಂತೆ ಒಬ್ಬರನ್ನೊಬ್ಬರು ನೋಡಿದರು. ಗಂಗಕ್ಕನ ಸೊಸೆಗೆ ನಗು ಬಂತು, ತನ್ನ ಅತ್ತೆಯ ಮುಖ ನೋಡಿ ನುಂಗಿಕೊಂಡಳು.

ಆದರೆ ತಂದ ದಾರವನ್ನು ಕೊಡುವುದು ಹೇಗೆ? ನಾವು ಹಗ್ಗದ ಒಳಗೆ, ಔಷಧಿ ಮನೆ ಹೊರಗೆ. ಒಯ್ಯುವುದಕ್ಕೆ ಯಾರೂ ಹತ್ತಿರ ಬರುತ್ತಿರಲಿಲ್ಲ. ಕೊನೆಗೆ ಅತ್ತೆಯೇ ಹೋಗಿ ಕುಮುದಳ ಇನ್ನೊಂದು ದಾರವನ್ನು ಹಗ್ಗಕ್ಕೆ ತೂಗುಹಾಕಿದರು. ಪಕ್ಕದಲ್ಲಿ ಗಂಗಕ್ಕ ಹಾಕಿದಳು. ಸ್ವಲ್ಪ ಹೊತ್ತಿಗೆ ಹಗ್ಗದ ಅರ್ಧದ ತನಕ ದಾರಗಳು ಜೋತುಬಿದ್ದವು. ದೂರದಿಂದ ನೋಡಿದವರಿಗೆ ಏನೋ ಒಣಹಾಕಿದ್ದಾರೆ ಅನ್ನಿಸುತ್ತಿತ್ತು.

ಪಂಡಿತರಿಗೆ ಹೇಳಿ ಅಂತ ನಾನು ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿದೆ. ಅವರು ಇನ್ನೂ ದೂರ ಸರಿದು ನಡೆದರು. ನಿಂತದ್ದು ಚೆಲುವಮ್ಮ ಒಬ್ಬಳೇ. ಹಣೆಯಲ್ಲಿ ಕುಂಕುಮವಿಲ್ಲದ ಅವಳನ್ನು ನಾನು ಅದೇ ಮೊದಲು ನೋಡಿದ್ದು. ಹಗ್ಗದಿಂದ ಎರಡು ಮಾರು ಆಚೆ ನಿಂತು ದಾರಗಳನ್ನು ನೋಡಿದಳು.

"ಮೂರು ಬ್ರಹ್ಮಗಂಟು," ಅಂದಳು.

"ಹ್ಞೂ."

"ನಮ್ಮವರದು ಎರಡು." ಸೆರಗಿನ ತುದಿ ಹಿಡಿದುಕೊಂಡಳು. "ನಾನೇ ಬಿಚ್ಚಿದೆ ಜಯಕ್ಕ. ಎರಡೇ ತಾನೆ ಅಂತ. ಇನ್ನೊಂದು ದಾರ ಪೆಟ್ಟಿಗೆಯಲ್ಲಿದೆ, ಸುಡೋಕೆ ಮನಸ್ಸು ಬರಲಿಲ್ಲ. ಅವರ ಕೈ ಕೆಲಸ ಅಂತ ಉಳಿದಿರೋದು ಅದೊಂದೇ."

ನಮ್ಮ ಬೀದಿಯವರಿಗೆಲ್ಲ ಅದು ಕೇಳಿಸಿತು. ಮಾದಪ್ಪನ ಜ್ವರ ನಮ್ಮ ಬೀದಿಯದಕ್ಕಿಂತ ಮೊದಲಿನದು. ಆ ದಾರ ಗೋಡೆಗೆ ಹೋದರೆ ಹಗ್ಗ ನಮ್ಮಿಂದ ಬಿಚ್ಚಿ ಚಾಪೆ ಬೀದಿಗೆ ಹೋಗುತ್ತದೆ. ಗಂಗಕ್ಕ ಮುಂದೆ ಬಂದಳು. "ತಂದುಕೊಡಮ್ಮ ಹೋಗು. ನಿಮ್ಮ ಪಾಪ ನಾವು ಯಾಕೆ ಹೊರಬೇಕು? ತಂದುಕೊಡು." ಹಿಂದಿನಿಂದ ಇನ್ನಿಬ್ಬರು ದನಿ ಸೇರಿಸಿದರು. ಚೆಲುವಮ್ಮ ಒಂದು ಹೆಜ್ಜೆ ಹಿಂದೆ ಹೋದಳು.

"ಗಂಗಾ, ಬಾಯಿ ಮುಚ್ಚು," ಅಂದರು ಅತ್ತೆ.

ನಾನು ಹಗ್ಗದ ತನಕ ಹೋದೆ. "ನಿನಗೆ ಕೊಡು ಅನ್ನೋಕೆ ನನಗೆ ಬಾಯಿಲ್ಲ ಚೆಲುವಮ್ಮ. ಕೊಟ್ಟರೆ ಏನಾಗುತ್ತೆ ಅಂತ ನೋಡ್ತಾ ಇದ್ದೀಯಲ್ಲ. ಆದರೆ ನಮ್ಮದು ಮೂರು, ನಿಮ್ಮದು ಎರಡು. ಪಂಡಿತರಿಗೆ ಬೇಕಾಗಿರೋದು ಅದೇ. ಒಂದೇ ಬೀದಿಯದು ಸಾಲದಂತೆ."

"ಕುಮುದ ಹೇಗಿದ್ದಾಳೆ?"

"ಕಟ್ತಾನೇ ಇದ್ದಾಳೆ."

ಅವಳು ತಮ್ಮ ಬೀದಿಯ ಕಡೆ ತಿರುಗಿ ಹೋದಳು. ಹೊತ್ತು ನೆತ್ತಿಗೆ ಬಂತು. ಗಂಗಕ್ಕ ನನ್ನ ಹತ್ತಿರ ನಿಂತು, "ಬರಲ್ಲ ಬಿಡು, ನಾನಾದರೂ ಬರ್ತಿರಲಿಲ್ಲ," ಅಂದಳು. ಅವಳ ದನಿಯಲ್ಲಿ ಆಗ ಕೋಪವಿರಲಿಲ್ಲ.

ಚೆಲುವಮ್ಮ ಬಂದಾಗ ಜೊತೆಯಲ್ಲಿ ಪಂಡಿತರಿದ್ದರು. ದಾರವನ್ನು ಸೆರಗಿನಲ್ಲಿ ಮುಚ್ಚಿರಲಿಲ್ಲ. ತುದಿ ಹಿಡಿದು, ಇಡೀ ಚಾಪೆ ಬೀದಿ ನೋಡುವ ಹಾಗೆ ಇಳಿಬಿಟ್ಟುಕೊಂಡು ನಡೆದು ಬಂದಳು. ಅವರ ಬೀದಿಯ ಕೆಲವರು ಬೈಯ್ಯುತ್ತಾ ಹಿಂದೆ ಬಂದರು. ಅವಳು ಹಗ್ಗದ ಹೊರಗಿನಿಂದಲೇ, ನಮ್ಮ ದಾರಗಳ ಪಕ್ಕದಲ್ಲಿ ತನ್ನದನ್ನು ತೂಗುಹಾಕಿದಳು. ಬೈಯ್ಯುತ್ತಿದ್ದವರಲ್ಲಿ ಒಬ್ಬಳು ಬಾಯಿ ನಿಲ್ಲಿಸಿ, ಸ್ವಲ್ಪ ನಿಂತು ನೋಡಿ, ಮನೆಗೆ ಓಡಿಹೋಗಿ ಇನ್ನೊಂದು ತಂದಳು. ಅವಳ ಮಗ ಹೊಟ್ಟೆನೋವಿನಲ್ಲಿ ಮಲಗಿದ್ದ. ಆಮೇಲೆ ಬುಟ್ಟಿ ಬೀದಿಯಿಂದ ಒಬ್ಬ ಗಂಡಸು ಬಂದ. ಯಾರ ಮುಖವನ್ನೂ ನೋಡದೆ ತೂಗುಹಾಕಿ, ಅಂಗಿ ಸರಿಮಾಡಿಕೊಂಡು ಹೋದ.

ಪಂಡಿತರು ಹಗ್ಗದ ಈ ತುದಿಯಿಂದ ಆ ತುದಿಗೆ ದಾರ ಎಳೆಯುತ್ತಾ ನಡೆದರು, ಮತ್ತೆ ವಾಪಸು ಬಂದರು. ಪ್ರತಿ ದಾರಕ್ಕೂ ಕೇಳುತ್ತಿದ್ದರು. ಯಾವ ಬೀದಿ? ಯಾವತ್ತು ಮಲಗಿದ್ದು? ಇದ್ದಾರೋ ಇಲ್ಲವೋ? ಮಾದಪ್ಪನ ದಾರಕ್ಕೆ ಚೆಲುವಮ್ಮ "ಇಲ್ಲ" ಅಂದಾಗ ಅವರು ತಲೆಯಾಡಿಸಿ, ಅದನ್ನು ತೆಗೆದು ಎಲ್ಲಕ್ಕಿಂತ ಮೊದಲಿಗೆ ಕಟ್ಟಿದರು.

ಹಗ್ಗದ ಚಿಕ್ಕಣ್ಣ ಬಂದು ತಲೆ ಕೆರೆದುಕೊಂಡ. "ಪಂಡಿತರೇ, ಇದು ಚಾಪೆ ಬೀದಿಯಲ್ಲಿ ಮೊದಲು ಅಂತಾಯ್ತಲ್ಲ. ಹಗ್ಗ ಅಲ್ಲಿಗೆ ಹಾಕಬೇಕು. ಬುಟ್ಟಿ ಬೀದಿಯದೂ ಇದೆ ಅಂತಾರೆ. ಸ್ವಲ್ಪ ಬಿಚ್ಚಿಕೊಡಿ."

"ಮುಟ್ಟಬೇಡ. ಓದ್ತಾ ಇದ್ದೀನಿ."

"ನನ್ನ ಕೆಲಸ ನಾನು ಮಾಡಬೇಕಲ್ಲ."

"ಎರಡು ಬೀದಿಗೆ ಒಂದು ಹಗ್ಗ ಹೇಗೆ ಹಾಕ್ತೀಯ ಯೋಚನೆ ಮಾಡ್ತಿರು. ಅಷ್ಟರಲ್ಲಿ ನಂದು ಮುಗಿಯುತ್ತೆ."

ಚಿಕ್ಕಣ್ಣ ನಿಜವಾಗಿಯೂ ಯೋಚನೆ ಮಾಡಿದ. ಮೂರೂ ಬೀದಿಗಳ ಬಾಯಿಯನ್ನು ಒಂದೊಂದಾಗಿ ನೋಡಿದ. ಕಂಬದ ಬುಡದಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡ. ಅವನು ಕೂತದ್ದನ್ನು ನೋಡಿ ಬಳೆ ಬೀದಿಯ ಮುದುಕನೊಬ್ಬ, "ನಮ್ಮ ಕಾಲದಲ್ಲಿ ನೀನು ಇಷ್ಟು ಯೋಚನೆ ಮಾಡಲಿಲ್ಲವಲ್ಲ ಚಿಕ್ಕಣ್ಣ," ಅಂದ. ಚಿಕ್ಕಣ್ಣ ಎಲೆಅಡಿಕೆಯ ರಸ ಉಗಿದ.

"ಮೊದಲನೇ ಬ್ರಹ್ಮಗಂಟು ನಿಮ್ಮ ಬೀದಿಯಲ್ಲಿ ಸೇರಿಕೊಂಡಿದ್ದು," ಅಂದರು ಪಂಡಿತರು ನನ್ನ ಕಡೆ ತಿರುಗಿ. "ಆಚೆಯವರಲ್ಲಿ ಯಾರಿಗೂ ಇಲ್ಲ. ಉಳಿದ ಎರಡು ಎಲ್ಲರಲ್ಲೂ ಇವೆ. ಹಿಡಿಯೋದು ಅಲ್ಲಿ. ನೀನು ತಂದ ಒಂದೇ ದಾರ ನಂಬಿದ್ದರೆ ನಾನು ಮೊದಲನೇದನ್ನೇ ಹಿಡಿಯುತ್ತಿದ್ದೆ." ಅಷ್ಟು ಹೇಳಿ ಬೇಗಬೇಗ ಹೊರಟುಹೋದರು.

ಕಷಾಯದ ಕೊಡ ಹೊತ್ತು ಬಂದವರು ಅಭ್ಯಾಸದಂತೆ ಹಗ್ಗ ನೋಡಿ ನಿಂತರು. ಚೆಲುವಮ್ಮ ಅವರ ಕೈಯಿಂದ ಕೊಡ ತೆಗೆದುಕೊಂಡು, ದಾರಗಳನ್ನು ಒಂದು ಕಡೆ ಸರಿಸಿ, ಹಗ್ಗದ ಮೇಲಿನಿಂದ ನನಗೆ ಕೊಟ್ಟಳು. ಆಮೇಲೆ ತಮ್ಮ ಬೀದಿಗೂ ಒಂದು ಹೊತ್ತುಕೊಂಡು ಹೋದಳು.

ಅತ್ತೆ ಕುಮುದಳ ತಲೆ ಎತ್ತಿ ಹಿಡಿದರು, ನಾನು ಚಮಚದಲ್ಲಿ ಹಾಕಿದೆ. ಹೊರಗೆ ಚೆಲ್ಲಿದ್ದೇ ಹೆಚ್ಚು. ಮತ್ತೆ ಹಾಕಿದೆ. ಬಿಸಿಲು ಮಂಚದಿಂದ ಇಳಿದು ಹೊಸಿಲಿಗೆ ಬಂದಾಗ ಅವಳ ಬೆರಳು ನಿಧಾನವಾಯಿತು. ಒಂದು ಕುಣಿಕೆಯನ್ನು ಅರ್ಧ ಎಳೆದು, ಹಾಗೇ ಬಿಟ್ಟಳು. ಕೈ ನಿಂತಿತು. ನಾನು ಅವಳ ಮೂಗಿನ ಹತ್ತಿರ ಕೆನ್ನೆ ಇಟ್ಟು ಕೂತೆ. ಉಸಿರು ತಾಗಿತು. ಇನ್ನೊಮ್ಮೆ ತಾಗಿತು. "ಕಹಿ," ಅಂದಳು ಕುಮುದ. ಅತ್ತೆ ಬೆಲ್ಲದ ಡಬ್ಬ ತರಲು ಎದ್ದವರು ಅಡಿಗೆಮನೆಯಲ್ಲೇ ಬಹಳ ಹೊತ್ತು ಉಳಿದರು.

ನಾನು ಹೊರಗೆ ಬಂದಾಗ ಹಗ್ಗ ಇನ್ನೂ ಅಲ್ಲೇ ಇತ್ತು, ಚಿಕ್ಕಣ್ಣ ಇರಲಿಲ್ಲ. ಚೆಲುವಮ್ಮ ಮಾದಪ್ಪನ ದಾರದ ಮುಂದೆ ನಿಂತಿದ್ದಳು. ನನ್ನನ್ನು ಕಂಡು, "ಕೈ ನಿಂತಿತಾ?" ಅಂದಳು.

"ನಿಂತಿತು."

"ಉಸಿರು ನೋಡಿದೆಯಾ?"

"ನೋಡಿದೆ. ಇದೆ. ಮಾತಾಡಿದಳು."

ಅವಳು ಉಸಿರುಬಿಟ್ಟಳು. ಅಲ್ಲೇ ಹಗ್ಗದ ಕೆಳಗೆ, ಮಣ್ಣಿನಲ್ಲಿ ಕೂತಳು. ನಾನೂ ಈಚೆ ಕೂತೆ.

"ನಮ್ಮವರ ಕೈ ನಿಂತಾಗ ನಾನು ನೋಡಲಿಲ್ಲ ಜಯಕ್ಕ," ಅಂದಳು. "ಸದ್ಯ, ಜ್ವರ ಬಿಟ್ಟಿತು, ಮಲಗಲಿ ಅಂತ ಕಂಬಳಿ ಹೊದಿಸಿ ಚಾಪೆ ಹೆಣೆಯೋಕೆ ಕೂತೆ. ಸಾಯಂಕಾಲದ ತನಕ ಹೆಣೆದೆ."